ಪಟ್ಟಿ ಇಲ್ಲದ ವ್ಯಾಪಾರ

ಕುಂತ ದೈವಕ್ಕ, ನಿಂತ ದೈವಕ್ಕ ಶರಣು ಮಾಡಿ ಪದಾ ಸುರು ಮಾಡೂದು ನಮ್ಮ ಮೇಳದ ರೂಢಿ. ಇದು ಪದ ಅಲ್ಲ, ಬರಹ. ಆದರೂ ಓದುವ ದೈವಕ್ಕ ಮೊದಲ ನನ್ನ ಶರಣು.

ನಾನು ಜತ್ತ ತಾಲೂಕಿನ ಮೂಡಲ ದಿಕ್ಕಿನಾಂವ. ಒಕ್ಕಲುತನ ಮಾಡಿ ಹೊಟ್ಟಿ ಹೊರದಾಂವ. ಜಿಲ್ಲಾ ಪರಿಷತ್ತಿನ ಕನ್ನಡ ಸಾಲಿಯೊಳಗ ಏಳನೇತ್ತಾ ಪಾಸಾಗಿ ಎಮ್ಮಿ ಹಿಂದ ಹೋದೆ. ನಲವತ್ತು ವರ್ಷದಿಂದ ಡೊಳ್ಳಿನ ಪದ ಹಾಡ್ತೀನಿ. ಹುಲಜಂತಿಯ ದೀಪಾವಳಿ ಜಾತ್ರಿಗೆ ಒಂದು ವರ್ಷನೂ ತಪ್ಪಿಸಿಲ್ಲ. ವಾಚನಾಲಯದ ಹುಡುಗರು ಬಂದು, "ಅಜ್ಜಾ, ಈ ಸಲದ ಪುಸ್ತಕಕ್ಕ ಮಾಳಿಂಗರಾಯನ ಕತಿ ಬರದು ಕೊಡ್ರಿ" ಅಂದ್ರು. ಕತಿ ಹಾಡಿನ್ಯಾಗ ಹೇಳ್ತೀನಿ, ಅದಕ್ಕ ರಾತ್ರಿ ಬೇಕು. ಇಲ್ಲಿ ಬ್ಯಾರೆ ಮಾತು ಬರೀತೀನಿ. ಸಿಟ್ಟಿನ ಮಾತು ಅದ, ಆದರ ಸುಳ್ಳ ಮಾತಿಲ್ಲ.

ಒಕ್ಕಲಿಗರಿಗೆಲ್ಲಾ ಪಟ್ಟಿ ಅಂದ್ರ ಗೊತ್ತದ. ತೊಗರಿ ಚೀಲ ಅಡತಿ ಅಂಗಡಿಗೆ ಒಗದು, ಲಿಲಾವು ಆದ ಮ್ಯಾಲೆ ಅಡತಿಯಾಂವ ಒಂದು ಕಾಗದ ಹರದು ಕೊಡ್ತಾನ. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಹಮಾಲಿ ಎಷ್ಟು, ತೋಲಾಯಿ ಎಷ್ಟು, ಮೊದಲ ಒಯ್ದ ಉಚಲಾ ಎಷ್ಟು ಕಡದೇನಿ, ಕೈಗೆ ಎಷ್ಟು ಬಂತು, ಎಲ್ಲಾ ಅದರಾಗ ಇರ್ತದ. ಅಡತಿಯಾಂವ ಧರ್ಮರಾಯ ಅಂತ ನಾನು ಹೇಳೂದಿಲ್ಲ. ಸ್ಯಾಂಪಲ್ ಅಂತ ಬೊಗಸಿ ತೊಗರಿ ತಗೋತಾನ, ತೂಕದಾಗ ಕಡತಾ ಹಿಡಿತಾನ. ಆದರ ಅವನ ಲೆಕ್ಕ ನನ್ನ ಕೈಯಾಗ ಇರ್ತದ. ಆ ಪಟ್ಟಿ ಒಯ್ದು ಬಾಜೂ ಅಂಗಡಿಯಾಗ ತೋರಸಬಹುದು, ಬಜಾರದಾಗ ನಿಂತು ಜಗಳ ಮಾಡಬಹುದು, ಮನ್ಯಾಗ ಮಗಳಿಂದ ಕೂಡಿಸಿ ಕಳಿಸಿ ನೋಡಬಹುದು. ನಲವತ್ತು ವರ್ಷ ಅಡತಿಯವರಿಗೆ ಬೈದೇನಿ. ಇವತ್ತು ಅವರ ಒಂದು ಗುಣ ಹೊಗಳಾಕ ಕುಂತೇನಿ: ಅವರು ಪಟ್ಟಿ ಕೊಡ್ತಾರ.

ಹಾಡಿನ ವ್ಯಾಪಾರದಾಗ ನನಗ ಯಾರೂ ಪಟ್ಟಿ ಕೊಟ್ಟಿಲ್ಲ. ಕ್ಯಾಸೆಟ್ ಬಂತು, ಸಿಡಿ ಬಂತು, ಚಿಪ್ ಬಂತು, ಯೂಟ್ಯೂಬ್ ಬಂತು. ಪ್ರತಿ ಯಂತ್ರದ ಜೋಡಿ ಹೊಸ ಸಾವಕಾರ ಬಂದ. ಪಟ್ಟಿ ಮಾತ್ರ ಬರಲಿಲ್ಲ.

ಮೊದಲಿಂದ ಹೇಳ್ತೀನಿ. ಕ್ಯಾಸೆಟ್ ಬರೂಕಿಂತ ಮೊದಲು ನಮ್ಮ ವ್ಯಾಪಾರ ಸರಳ ಇತ್ತು. ಊರಾನವರು ವೀಳ್ಯಾ ಕೊಟ್ಟು ಕರೀತಿದ್ರು. ರಾತ್ರಿಯೆಲ್ಲಾ ಹಾಡತಿದ್ದೆವು. ಮುಂಜಾನೆ ಕಾಯಿ, ಟಾವೆಲ್, ಜ್ವಾಳ, ಮ್ಯಾಲೊಂದಿಷ್ಟು ರೊಕ್ಕ. ಪದಾ ಮೆಚ್ಚಿದಾಂವ ಎದ್ದು ಬಂದು ಅಂಗಿಗೆ ಐದರ ನೋಟು ಚುಚ್ಚತಿದ್ದ. ಅದು ಎಲ್ಲರ ಕಣ್ಣಮುಂದ. ಎಂಟು ಮಂದಿ ಮೇಳ, ಎಂಟು ಪಾಲು. ಹೆಚ್ಚು ಸಿಗತಿರಲಿಲ್ಲ. ಆದರ ಎಷ್ಟು ಸಿಕ್ಕಿತು ಅಂತ ತಾಳ ಬಾರಸಾಂವಗೂ ಗೊತ್ತಿರತಿತ್ತು.

1996ರಾಗ ಪ್ಯಾಟಿಯ ಒಬ್ಬ ಕ್ಯಾಸೆಟ್ ಸಾವಕಾರ ಬಂದ. ಅವನ ಹೆಸರು ಇಲ್ಲಿ ಬರಿಯೂದಿಲ್ಲ. ನಮ್ಮನ್ನ ಒಂದು ಸ್ಟುಡಿಯೊಕ್ಕ ಕರಕೊಂಡು ಹೋಗಿ ಎರಡು ರಾತ್ರಿ ಹಾಡಿಸಿದ. ಎಂಟು ಪದ. ಆರು ನಮ್ಮ ಗುರುವಿನ ಬಾಯಿಂದ ಬಂದವು, ಎರಡು ನಾನು ಕಟ್ಟಿದವು. ಮೇಳಕ್ಕೆಲ್ಲಾ ಕೂಡಿ 2,400 ರೂಪಾಯಿ ಕೊಟ್ಟ. ತಲಿಗೆ 300. ಬಸ್ಸಿನ ರೊಕ್ಕ ನಮ್ಮದೇ. ಮ್ಯಾಲೆ ಇಪ್ಪತ್ತು ಕ್ಯಾಸೆಟ್ ಬಕ್ಷೀಸು. ಒಂದು ಕಾಗದದ ಮ್ಯಾಲೆ ಸಹಿ ಮಾಡಿಸಿಕೊಂಡ. ಇಂಗ್ಲಿಷಿನ್ಯಾಗ ಇತ್ತು. "ಏನ್ ಬರದೈತ್ರಿ?" ಅಂದೆ. "ರೊಕ್ಕ ಮುಟ್ಟಿದ್ದಕ್ಕ ಪಾವತಿ" ಅಂದ. ಡೊಳ್ಳು ಬಾರಸಾಂವ ನನ್ನ ಗೆಣೆಯ ಹೆಬ್ಬಟ್ಟು ಒತ್ತಿದ. ಅವತ್ತು ನಮಗೇನೂ ಬ್ಯಾಸರ ಇರಲಿಲ್ಲ. ನಮ್ಮ ದನಿ ಡಬ್ಬಿಯೊಳಗಿಂದ ಬರತದ ಅನ್ನೂದ ದೊಡ್ಡ ಸಂಭ್ರಮ. ಕ್ಯಾಸೆಟ್ 25 ರೂಪಾಯಿಗೆ ಒಂದರಂಗ ಮಾರಿದವು. ಜೀಪಿನ್ಯಾಗ, ಹೊಟೇಲಿನ್ಯಾಗ, ಹಿಟ್ಟಿನ ಗಿರಣಿಯಾಗ ಕೇಳಿದೆವು. ಒಟ್ಟು ಎಷ್ಟು ಹೋದವು ಅಂತ ಇವತ್ತಿನ ತನಕ ನನಗ ಗೊತ್ತಿಲ್ಲ.

ಆದರೂ ಕ್ಯಾಸೆಟ್ ಸಾವಕಾರಗ ಖರ್ಚು ಇತ್ತು, ಅದನ್ನೂ ಹೇಳಬೇಕು. ಪ್ರತಿ ಕ್ಯಾಸೆಟ್ಟಿಗೆ ರೀಲು ಬೇಕು, ಪ್ಲಾಸ್ಟಿಕ್ ಬೇಕು, ಬಣ್ಣದ ಕಾಗದ ಬೇಕು, ಅಂಗಡಿಯಾಂವಗ ಪಾಲು ಬೇಕು. ಸಾವಿರ ಮಾರಬೇಕಂದ್ರ ಸಾವಿರ ಮಾಡಬೇಕು. ಆಮ್ಯಾಲೆ ಮೊಬೈಲ್ ಅಂಗಡಿಗಳು ಬಂದವು. ಹತ್ತಿಪ್ಪತ್ತು ರೂಪಾಯಿಗೆ ಒಂದು ಚಿಪ್ಪಿನ ತುಂಬ ಹಾಡು ತುಂಬಿ ಕೊಡತಿದ್ರು. ಆಗ ಆ ಸಾವಕಾರನ ಧಂಧೆನೂ ಮುಳುಗಿತು. ಅವ ಅಳತಿದ್ದಾಗ ನನಗ ನಗು ಬಂದಿತ್ತು, ಸುಳ್ಳ ಯಾಕ ಹೇಳ್ಲಿ.

ಮುಂದ 2016 ಬಂತು. ಆ ವರ್ಷ ಒಂದರ ಹಿಂದ ಒಂದು ಮೂರು ಸಂಗತಿ ಆದವು. ಏಪ್ರಿಲದಾಗ ಯುಪಿಐ ಸುರು ಆತು. ಸಪ್ಟೆಂಬರದಾಗ ಜಿಯೊ ಬಂತು, ಇಂಟರ್ನೆಟ್ ನೀರಿನಂಗ ಆತು. 2014ರಾಗ ಒಂದು ಜಿಬಿಗೆ 250 ರೂಪಾಯಿ ಮ್ಯಾಲಿದ್ದದ್ದು 2018ಕ್ಕ 12 ರೂಪಾಯಿ ಒಳಗ ಬಂತು. ನವೆಂಬರ 8ಕ್ಕ 500, 1000ದ ನೋಟು ಬಂದಾದವು, ಕಿಸೆದಾಗಿನ ರೊಕ್ಕ ಫೋನಿನೊಳಗ ಹೋತು. ದನ ಕಾಯೋ ಹುಡುಗನ ಕೈಯಾಗೂ ಯೂಟ್ಯೂಬ್ ಬಂತು. ಹಾಡಿನ ವ್ಯಾಪಾರ ಅಲ್ಲಿಂದ ತಲಿಕೆಳಗಾತು.

ಹೆಂಗ ತಲಿಕೆಳಗಾತು ಅನ್ನೂದು ನನಗ ತಿಳಿಯಾಕ ಭಾಳ ದಿನ ಹಿಡೀತು. ತಿಳದಷ್ಟು ಹೇಳ್ತೀನಿ. ಕ್ಯಾಸೆಟ್ ಇದ್ದಾಗ ಹಾಡು ಮಾರತಿದ್ರು. ಈಗ ಹಾಡು ಮಾರೂದಿಲ್ಲ, ಪುಕಟ ಕೊಡ್ತಾರ. ಒಂದು ಸಲ ಏರಿಸಿದ್ರ ಸಾಕು, ಒಬ್ಬಾಂವ ಕೇಳಿದರೂ ಅಷ್ಟ ಖರ್ಚು, ಲಕ್ಷ ಮಂದಿ ಕೇಳಿದರೂ ಏರಿಸಿದವಗ ಅಷ್ಟ ಖರ್ಚು. ಹಂಗಾದ್ರ ರೊಕ್ಕ ಎಲ್ಲಿಂದ ಬರತದ? ಕೇಳವರನ್ನ ಮಾರ್ತಾರ. ಪದದ ನಡುವ ಜಾಹೀರಾತು ಬರತದಲ್ಲ, ಅದರಾಗ ರೊಕ್ಕ ಅದ. ಬೇಟಿಗಾರ ಬಲಿ ಹಾಕಿ ಮ್ಯಾಲೆ ಕಾಳು ಚೆಲ್ಲತಾನ. ಕಾಳು ಮಾರೂ ಸಲುವಾಗಿ ಚೆಲ್ಲೂದಿಲ್ಲ. ನಮ್ಮ ಪದ ಆ ಕಾಳು ಆಗೇದ. ಬೀರಪ್ಪನ ಪದ ನಡದಿರತದ, ನಡುವ ಯಾವನೋ ಒಬ್ಬ ಬಂದು "ಐದು ನಿಮಿಷದಾಗ ಸಾಲ" ಅಂತಾನ. ಆ ಜಾಹೀರಾತಿನ ರೊಕ್ಕದಾಗ ನೂರಕ್ಕ 45 ಯೂಟ್ಯೂಬಿನವರು ಇಟಗೊಂತಾರ, 55 ಚಾನೆಲ್ ಇದ್ದವಗ ಕೊಡ್ತಾರ. ಯಾವ ಪದಾ ಎಷ್ಟು ಸಲ ನೋಡಿದ್ರು, ಎಷ್ಟು ಹೊತ್ತು ನೋಡಿದ್ರು, ಎಷ್ಟು ರೊಕ್ಕ ಆತು, ಎಲ್ಲಾ ಅವನ ಫೋನಿನ್ಯಾಗ ದಿನಾಲೂ ಕಾಣಸತದ.

ಇಲ್ಲಿ ಜರಾ ನಿಂತು ನೋಡ್ರಿ. ಯಂತ್ರ ಪಟ್ಟಿ ಕೊಡತದ! ಅಡತಿಯವನಕಿಂತ ಸವಿಸ್ತಾರ ಕೊಡತದ. ಆದರ ಯಾರಿಗೆ? ಚಾನೆಲ್ ಇದ್ದವಗ. ಹಾಡಿದವಗ ಅಲ್ಲ. ಚಾನೆಲ್ಲಿನಾಂವ ಆ ಪಟ್ಟಿ ಕಿಸೆದಾಗ ಇಟ್ಟು, "ಅಜ್ಜಾ, ಇದರಾಗ ಏನೂ ಉಳಿಯೂದಿಲ್ಲ ನೋಡ್ರಿ" ಅಂತಾನ. ನನ್ನ ಸಿಟ್ಟು ಯಂತ್ರದ ಮ್ಯಾಲಲ್ಲ. ಈ ಕಿಸೆದ ಮ್ಯಾಲೆ.

ನನ್ನ ಮೊಮ್ಮಗ ಒಂದಿನ ಹೊಲಕ್ಕ ಬುತ್ತಿ ತಂದಾಂವ ಫೋನ್ ತೋರಿಸಿದ. "ಅಜ್ಜಾ, ನಿನ್ನ ಪದಾ ಏಳು ಲಕ್ಷ ಸಲ ಕೇಳ್ಯಾರ." ನೋಡಿದೆ. 1996ರ ಪದ. ದನಿ ನನ್ನದು, ಚಿತ್ರ ಯಾವುದೋ ದೇವರದು, ಕೆಳಗ ಕಂಪನಿ ಹೆಸರು. ಕ್ಯಾಸೆಟ್ ಸಾವಕಾರ ತನ್ನ ಹಳೇ ಮಾಲೆಲ್ಲಾ ಮತ್ತೊಂದು ಕಂಪನಿಗೆ ಮಾರಿದ್ದ ಅಂತ ಆಮ್ಯಾಲೆ ತಿಳೀತು. ನನ್ನ ಹೆಸರಿಲ್ಲ, ಗುರುವಿನ ಹೆಸರಿಲ್ಲ, ಊರ ಹೆಸರಿಲ್ಲ. ಕಡೀ ನುಡಿಯಾಗ ನಾನು ಹಾಡಿದ ಅಂಕಿತ ಇತ್ತಲ್ಲ, ಗುರುವಿನ ಹೆಸರು, ಊರಿನ ಹೆಸರು ಬರೂ ನುಡಿ, ಅದು ಬರೂಕಿಂತ ಮೊದಲ ಪದ ಕತ್ತರಿಸಿದ್ರು. ನಮ್ಮ ಹಿರಿಯಾರು ಕಾಯದೆ ಓದಿದವರಲ್ಲ. ಆದರ ಪದ ಯಾರದು ಅನ್ನೂದು ಮರೀಬಾರದು ಅಂತ ಅಂಕಿತ ಇಟ್ಟಿದ್ರು. ಅಂಕಿತ ಕೊಯ್ದು ಅಲ್ಲಿ ಲೋಗೊ ಅಂಟಿಸ್ಯಾರ. ಹೊಲದ ಬಾಂದಗಲ್ಲು ಕಿತ್ತು ಒಗದಂಗ ಅದು.

ನನಗ ಹೆಚ್ಚು ನೋವಾದದ್ದು ಬ್ಯಾರೆ. ಆ ಪದದಾಗ ಡೊಳ್ಳು ಬಾರಿಸಿದ ಗೆಣೆಯ ಆಗ ತೀರಕೊಂಡು ಎರಡು ವರ್ಷ ಆಗಿತ್ತು. ಅವನ ಹೆಣತಿ ಮಂದಿ ದ್ರಾಕ್ಷಿ ತ್ವಾಟದಾಗ ಗೊನಿ ಕಡಿಯಾಕ ಹೋಗತಿದ್ಲು. ಏಳು ಲಕ್ಷ ಸಲ ಅವನ ಡೊಳ್ಳು ಬಡದದ, ಆಕಿಗೆ ಒಂದು ರೂಪಾಯಿ ಇಲ್ಲ. ಇದು ಯಾವ ನ್ಯಾಯ?

ಇಷ್ಟರ ಮ್ಯಾಲೂ ಸುಮ್ಮನ ಇದ್ದೆವು. ಆಮ್ಯಾಲೆ ನಮ್ಮ ಊರ ಹುಡುಗರು ಜಾತ್ರಿಯಾಗ ನಮ್ಮ ಮೇಳದ ಪದ ತಮ್ಮ ಫೋನಿನ್ಯಾಗ ಹಿಡದು ಏರಿಸಿದ್ರು. ಮೂರನೇ ದಿನಕ್ಕ ನೋಟೀಸು ಬಂತು: ಈ ಹಾಡಿನ ಹಕ್ಕು ಕಂಪನಿದು, ಇದರಾಗ ಬರೂ ರೊಕ್ಕ ಅವರಿಗೆ. ನನ್ನ ಗುರುವಿನ ಪದ, ನಾನು ಹಾಡಿದ್ದು, ನನ್ನ ಊರ ಕಟ್ಟಿ ಮ್ಯಾಲೆ, ಆದರ ಹಕ್ಕು ಅವರದು! ಯೂಟ್ಯೂಬಿನ್ಯಾಗ ದನಿ, ರಾಗ ಹೋಲಿಸಿ ನೋಡುವ ಯಂತ್ರ ಅದ. ಅದಕ್ಕ ಕಂಪನಿಯವರು ಹಳೇ ಕ್ಯಾಸೆಟ್ ಮಾಲೆಲ್ಲಾ ತಮ್ಮದು ಅಂತ ಬರಸಿಟ್ಟಾರ. ಯಂತ್ರಕ್ಕ ಪರಂಪರೆ ತಿಳಿಯೂದಿಲ್ಲ. ಮೊದಲ ಬರಸಿದವನ ಹೆಸರು ತಿಳಿತದ. ಸಾತ್-ಬಾರಾದಾಗ ಹೆಸರು ಏರಿಸಿಕೊಂಡು ಹೊಲ ನುಂಗಿದವರನ್ನ ನಾವು ನೋಡೇವಿ. ಇದೂ ಅದೇ ಆಟ.

ವಾಚನಾಲಯದ ಮಾಸ್ತರು ಅವತ್ತ ನಮ್ಮ ಬೆನ್ನಿಗೆ ನಿಂತ್ರು. ಅವರ ಕಡಿಂದ ತಿಳದದ್ದನ್ನ ಎಲ್ಲಾ ಮೇಳದವರು ಎದಿಯಾಗ ಬರದು ಇಟಗೋಬೇಕು. ಕಾಪಿರೈಟ್ ಕಾಯದೆ 1957ರದು. ಯಾರು ಕಟ್ಟಿದ್ದು ಅಂತ ಗೊತ್ತಿಲ್ಲದ, ತಲತಲಾಂತರದಿಂದ ಬಂದ ಪದಕ್ಕ ಯಾವ ಕಂಪನಿನೂ ಮಾಲಕ ಆಗಾಕ ಬರೂದಿಲ್ಲ. ಅವರು ಮಾಲಕರು ತಾವು ಮಾಡಿಸಿದ ಆ ಒಂದು ರೆಕಾರ್ಡಿಂಗಿಗೆ ಅಷ್ಟ. ಅದೇ ಪದ ನೀವು ಹೊಸದಾಗಿ ಹಾಡಿದ್ರ ಅದು ಅವರದಲ್ಲ. ಮಾಸ್ತರು ಇದನ್ನ ಇಂಗ್ಲಿಷಿನ್ಯಾಗ ಬರದು ತಕರಾರು ಹಾಕಿದ್ರು. ತಕರಾರಿಗೆ ಜವಾಬು ಕೊಡಾಕ ಕಂಪನಿಗೆ 30 ದಿನ ಇರತದ. ಜವಾಬು ಬರಲಿಲ್ಲ. ಹಕ್ಕಿನ ಮಾತು ಬಿದ್ದು ಹೋತು. ಒಂದು ಕಾಗದಕ್ಕ ಬಿದ್ದು ಹೋಗೂ ಹಕ್ಕು! ಎಷ್ಟು ಮೇಳದವರು ಆ ನೋಟೀಸು ನೋಡಿ ಅಂಜಿ ಪದಾ ಅಳಿಸಿ ಹಾಕಿರಬೇಕು, ನೀವ ವಿಚಾರ ಮಾಡ್ರಿ.

ಈಗ ನನ್ನ ಮ್ಯಾಲೆ ಸವಾಲು ಹಾಕಾವರು ಅದಾರ. ನಮ್ಮ ಕಟ್ಟಿಗೆ ಸವಾಲ್-ಜವಾಬು ಹೊಸದಲ್ಲ. ಒಂದೊಂದಕ್ಕ ಜವಾಬು ಹೇಳ್ತೀನಿ.

ಮೊದಲನೇ ಸವಾಲು: "ಫೋನು ಬಂದದ್ದಕ್ಕ ನಿನ್ನ ಹೆಸರು ದೂರ ಮುಟ್ಟೇದ, ಬೈತೀ ಯಾಕೋ ಮುದುಕಾ?" ಬೈಯೂದಿಲ್ಲ. ಫೋನಿನ ಉಪಕಾರ ನನಗ ಗೊತ್ತದ. ದುಧನಿಯಾಗ ತೊಗರಿಗೆ ಏನು ದರ, ಸೊಲ್ಲಾಪುರದಾಗ ಉಳ್ಳಾಗಡ್ಡಿಗೆ ಏನು ದರ, ಮನಿ ಕಟ್ಟಿ ಮ್ಯಾಲೆ ಕುಂತು ನೋಡ್ತೀನಿ. ಮೊದಲ ಟಾವೆಲ್ ಒಳಗ ಬಟ್ಟು ಹಿಡದು ಎತ್ತಿನ ದರ ಮಾಡತಿದ್ದ ದಲಾಲರ ಕಾಲ ನೋಡಿದಾಂವ ನಾನು. ದರ ಬೆಳಕಿಗೆ ಬಂದದ್ದು ಒಳ್ಳೇದ. ಅದಕ್ಕ ಕೇಳ್ತೀನಿ: ತೊಗರಿ ದರ ಬೆಳಕಿಗೆ ತಂದ ಫೋನು, ಪದದ ದರ ಮಾತ್ರ ಟಾವೆಲ್ ಒಳಗ ಯಾಕ ಇಡಬೇಕು?

ಎರಡನೇ ಸವಾಲು: "ಪದ ಯಾರಪ್ಪನ ಆಸ್ತಿನೂ ಅಲ್ಲ, ದೇವರ ಪದಕ್ಕ ರೊಕ್ಕ ಕೇಳೂದು ಪಾಪ." ಬಾವಿ ನೀರು ಊರಿಂದು, ಖರೆ. ಆದರ ಸೇದಿ ಹೊತ್ತವನ ಕೂಲಿ ಕೂಲಿನ. ರಾತ್ರಿಯೆಲ್ಲಾ ಗಂಟಲು ಹರಕೊಂಡವಗ ಕೂಲಿ ಕೇಳಬ್ಯಾಡ ಅನ್ನವರು, ಬಾವಿಗೆ ಬೀಗ ಹಾಕಿ ಕುಂತ ಕಂಪನಿಗೆ ಯಾಕ ಪಾಪದ ಮಾತು ಹೇಳೂದಿಲ್ಲ? ದೇವರ ಪದ ಪುಕಟ ಅಂದ್ರ ಎಲ್ಲರಿಗೂ ಪುಕಟ ಇರಲಿ. ನನಗ ಪುಣ್ಯ, ಅವಗ ರೊಕ್ಕ, ಈ ಹಂಚಿಕಿ ಬ್ಯಾಡ.

ಮೂರನೇ ಸವಾಲು: "ಸಹಿ ಮಾಡಿ ಕೊಟ್ಟೀಯಲ್ಲ." ಮಾಡೇನಿ. ಆದರ ಕಾಯದೆ ಏನು ಹೇಳತದ ಕೇಳ್ರಿ. ಹಾಡು ಕಟ್ಟಿದಾಂವ ಹಕ್ಕು ಬರದು ಕೊಡಬೇಕಾದ್ರ ಆ ಕಾಗದದಾಗ ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಸೀಮಿ, ಎಷ್ಟು ರೊಕ್ಕ ಎಲ್ಲಾ ಬರೀಬೇಕು. ವರ್ಷ ಬರೀದಿದ್ರ ಐದ ವರ್ಷ ಅಂತ ತಿಳೀಬೇಕು. ನನ್ನ ಎರಡು ಪದದ ಸಲುವಾಗಿ ನಾನು ಸಹಿ ಮಾಡಿದ ಕಾಗದ ಕೇಳಿದ್ರ ಯಾರೂ ತೋರಸೂದಿಲ್ಲ. 2012ರಾಗ ಕಾಯದೆ ಮತ್ತ ತಿದ್ದಿದ್ರು. ಹಾಡಿದಾಂವಗ "ನನ್ನ ಹೆಸರು ಹಾಕ್ರಿ" ಅಂತ ಕೇಳೂ ಹಕ್ಕು ಬಂತು. ಸಹಿ ಮಾಡೂ ದಿನ ಇರದ ಯಂತ್ರ, ಮುಂದ ಬರೂ ಯಂತ್ರ, ಕಾಗದದಾಗ ಅದರ ಹೆಸರು ಬರೀದೆ ಅದಕ್ಕ ಹಾಡು ಬರದು ಕೊಟ್ಟಂಗ ಆಗೂದಿಲ್ಲ ಅಂತನೂ ಬಂತು. ಹಳೇ ಸಹಿಗೆ ಈ ತಿದ್ದುಪಡಿ ಹತ್ತತದೋ ಇಲ್ಲೋ ಅನ್ನೂದು ವಕೀಲರ ಜಗಳ. ಹೊಸ ಸಹಿಗೆ ಹತ್ತತದ. ಅದಕ್ಕ ಹೊಸ ಸಹಿ ಮಾಡೂ ಹುಡುಗರೇ, ಕಣ್ಣು ತಗೀರಿ.

ನಾಲ್ಕನೇ ಸವಾಲು ಹುಡುಗರದು: "ಅಜ್ಜಾ, ಈಗ ಯಾರೂ ನಾಲ್ವತ್ತು ನಿಮಿಷದ ಪದ ಕೇಳೂದಿಲ್ಲ. ಅರ್ಧ ನಿಮಿಷದ ತುಣುಕು, ಡಿಜೆ, ಇಬ್ಬಂದಿ ಅರ್ಥದ ಮಾತು, ಇದ ನಡೀತದ." ಇವರಿಗೆ ಲೆಕ್ಕದಾಗ ಜವಾಬು ಹೇಳ್ತೀನಿ. ಉದ್ದನ್ನ ವಿಡಿಯೊದ ಬಲದ ಮ್ಯಾಲೆ ಜಾಹೀರಾತಿನ ಪಾಲು ಸಿಗಬೇಕಾದ್ರ ಚಾನೆಲ್ಲಿಗೆ 1,000 ಮಂದಿ ಸಬ್‌ಸ್ಕ್ರೈಬ್ ಆಗಬೇಕು, ವರ್ಷದಾಗ 4,000 ತಾಸು ಮಂದಿ ನೋಡಿರಬೇಕು. 4,000 ತಾಸು ಅಂದ್ರ 2,40,000 ನಿಮಿಷ. ನಾಲ್ವತ್ತು ನಿಮಿಷದ ಪದಾ ಪೂರ್ತಿ ಕೇಳವರು ಇದ್ದರ 6,000 ಸಲ ಕೇಳಿದ್ರ ಮುಗೀತು. ಅರ್ಧ ನಿಮಿಷದ ತುಣುಕು ಮಂದಿ ಬಟ್ಟಿನಿಂದ ಸರಿಸಿ ನೋಡ್ತಾರಲ್ಲ, ಆ ನೋಟ ಈ ತಾಸಿನ ಲೆಕ್ಕಕ್ಕ ಹಿಡಿಯೂದ ಇಲ್ಲ. ದ್ವಾಸಿ ಹಂಗ ತಿರಿವಿ ಹಾಕೂ ಹಾಡಿಗಿಂತ, ರಾತ್ರಿ ಕಬ್ಬಿಗೆ ನೀರು ಹಾಯಿಸಾಂವ ಕಿವಿಯಾಗ ಇಟಗೊಂಡು ಕೇಳೂ ಪದಕ್ಕ ಕಸುವು ಹೆಚ್ಚದ. ನಮ್ಮ ಉದ್ದನ್ನ ಪದ ನಮ್ಮ ಬಂಡವಾಳ. ಅದನ್ನ ಚೂರು ಮಾಡಿ ಮಾರೂದು, ನಿಂತ ಬೇವಿನ ಮರ ಕಡದು ಹಲ್ಲುಕಡ್ಡಿ ಮಾರಿದಂಗ.

ಇಷ್ಟೆಲ್ಲಾ ಮಂದಿಗೆ ಹೇಳಿದೆ. ಈಗ ನನಗ ನಾನ ಹೇಳಕೋಬೇಕು.

ಮೂರು ವರ್ಷದ ಹಿಂದ ನಮ್ಮ ಮೇಳಕ್ಕೂ ಕ್ಯೂಆರ್ ಕೋಡ್ ಮಾಡಿಸಿದೆವು. ಅಂಗಿಗೆ ನೋಟು ಚುಚ್ಚೂ ಕಾಲ ಹೋತು, ಮಂದಿ ಕಿಸೆದಾಗ ನೋಟ ಇರೂದಿಲ್ಲ. ಡೊಳ್ಳಿನ ಮುಂದ ಕೋಡಿನ ಕಾಗದ ಅಂಟಿಸಿದೆವು. ರೊಕ್ಕ ನನ್ನ ಮಗನ ಖಾತೆಕ್ಕ ಬರತಿತ್ತು. ಮುಂಜಾನೆ ನಾನು ಪಾಲು ಹಂಚತಿದ್ದೆ. ಒಂದಿನ ತಾಳದಾಂವ, ನನಗಿಂತ ಇಪ್ಪತ್ತು ವರ್ಷ ಸಣ್ಣಾಂವ, "ಕಾಕಾ, ಫೋನಿಗೆ ಒಟ್ಟ ಎಷ್ಟ ಬಂತ್ರಿ?" ಅಂತ ಕೇಳಿದ. ನನಗ ಸಿಟ್ಟು ನೆತ್ತಿಗೇರಿತು. "ನನ್ನ ಮ್ಯಾಲೆ ಸಂಶೇ ಏನೋ?" ಅಂದೆ. ಅವ ತಲಿ ಕೆಳಗ ಹಾಕಿದ. ಆ ಮೇಳ ಮುಗಿಸಿ ಮನಿಗೆ ಬಂದು ಮಲಗಿದೆ, ನಿದ್ದಿ ಹತ್ತಲಿಲ್ಲ. ಇಪ್ಪತ್ತೈದು ವರ್ಷದಿಂದ ನಾನು ಸಾವಕಾರಗ ಕೇಳಬೇಕಂತ ಇದ್ದ ಮಾತನ್ನ ಆ ಹುಡುಗ ನನಗ ಕೇಳಿದ್ದ. ಸಾವಕಾರ ಕೊಡಬಹುದಾದ ಜವಾಬನ್ನ ನಾನು ಕೊಟ್ಟಿದ್ದೆ. ಅವತ್ತ ನಾನೂ ಕಂಪನಿ ಆಗಿದ್ದೆ. ನಾನು ಒಂದು ರೂಪಾಯಿ ನುಂಗಿರಲಿಲ್ಲ. ಆದರ ಲೆಕ್ಕ ತೋರಸದ ಮ್ಯಾಲೆ ನುಂಗಿದಾಂವಗೂ ನನಗೂ ಫರಕು ಏನು? ನೋಡವರಿಗೆ ಇಬ್ಬರ ಕಿಸೆನೂ ಒಂದ.

ಮರುದಿನ ಅವನ ಮನಿಗೆ ಹೋಗಿ ಮಗನ ಫೋನು ಅವನ ಕೈಯಾಗ ಕೊಟ್ಟೆ. ಅವತ್ತಿನಿಂದ ಮೇಳ ಮುಗದ ಕೂಡಲೇ ಎಂಟೂ ಮಂದಿ ಮುಂದ ಫೋನು ಇಟ್ಟು ಲೆಕ್ಕ ಮಾಡೂದು, ಹಾಡಿನ ವಹಿಯ ಹಿಂದಿನ ಹಾಳಿಯಾಗ ಬರಿಯೂದು ರೂಢಿ ಆಗೇದ. ಮುಂದಿನ ಹಾಳಿಯಾಗ ಪದ, ಹಿಂದಿನ ಹಾಳಿಯಾಗ ಪಟ್ಟಿ.

ಈ ಮಾತಿನ್ಯಾಗ ನಮ್ಮ ಊರಿನ ತಪ್ಪೂ ಅದ. ಜಾತ್ರಿ ಕಮೀಟಿಯವರೇ, ಸಿಟ್ಟಾಗಬ್ಯಾಡ್ರಿ. ಡಿಜೆಕ್ಕ ಸಾವಿರ ಸಾವಿರ ಎಣಸ್ತೀರಿ, ಮೇಳಕ್ಕ ಕಾಯಿ, ಟಾವೆಲ್ಲು. "ಪದಾ ಫೋನಿನ್ಯಾಗ ಸಿಗತಾವಲ್ಲ" ಅಂತೀರಿ. ಫೋನಿನ್ಯಾಗಿನ ಪದ ಎಲ್ಲಿ ಹುಟ್ಟಿತು? ಕಟ್ಟಿ ಮ್ಯಾಲೆ ಹುಟ್ಟಿತು. ಕಟ್ಟಿ ಬಂಜೆ ಆದ್ರ ಫೋನಿನ್ಯಾಗ ಏನು ತುಂಬತೀರಿ? ಹಿರೇ ಹಾಡುಗಾರರೇ, ನಿಮ್ಮ ತಪ್ಪೂ ಅದ. ವಹಿ ಪೆಟ್ಟಿಗಿಯೊಳಗ ಕೀಲಿ ಹಾಕಿ ಇಡ್ತೀರಿ, ಶಿಷ್ಯಗ ತೋರಸೂದಿಲ್ಲ. ನಾಳೆ ಕಂಪನಿಯಾಂವ "ಈ ಪದ ನಮ್ಮದು" ಅಂದ್ರ, ಅಲ್ಲ ಅಂತ ಹೇಳಾಕ ಸಾಕ್ಷಿ ಆ ವಹಿನ. ಅದನ್ನ ಗೆದ್ದಲು ತಿಂದ್ರ ಸಾಕ್ಷಿನೂ ಹೋತು.

ಬೈದು ಬಿಟ್ಟರ ಆಗೂದಿಲ್ಲ, ದಾರಿ ಹೇಳಬೇಕು. ನನಗ ತೋಚಿದ್ದು ನಾಕು ಮಾತು.

ಒಂದು, ಕಾಗದ ಇಲ್ಲದ ರೆಕಾರ್ಡಿಂಗಿಗೆ ಬಾಯಿ ತಗೀಬ್ಯಾಡ್ರಿ. ಕಾಗದ ಕನ್ನಡದಾಗ ಇರಲಿ. ಅದರಾಗ ಎಂಟೂ ಮಂದಿ ಹೆಸರು, ಯಾವ ಪದ, ಎಷ್ಟು ವರ್ಷ, ಯಾವ ಯಂತ್ರಕ್ಕ, ನೂರಕ್ಕ ಎಷ್ಟು ಪಾಲು, ತಿಂಗಳಾ ಪಟ್ಟಿ ತೋರಸಬೇಕು ಅನ್ನೂ ಮಾತು, ಇಷ್ಟು ಇರಲಿ. ಒಂದ ಸಲದ ಕೈಗಡಾ ರೊಕ್ಕಕ್ಕ ಮಾರಬ್ಯಾಡ್ರಿ. ಹೊಲಾ ಕೋರಿ ಪಾಲಿಗೆ ಕೊಡ್ತೀವಿ, ಖರೀದಿ ಬರದು ಕೊಡೂದಿಲ್ಲಲ್ಲ.

ಎರಡು, ಅಂಕಿತ ಕಡ್ಡಾಯ. ವಿಡಿಯೊ ಸುರುವಿಗೂ ಕಡಿಗೂ ಹಾಡಿದವರು, ಬಾರಿಸಿದವರು, ಗುರು, ಊರು, ಎಲ್ಲಾರ ಹೆಸರು ಬರಬೇಕು.

ಮೂರು, ಮಾಸ್ತರುಗಳಿಗೆ ಕೈ ಮುಗದು ಕೇಳೂದು. ಕಾಯದೆ ಇಂಗ್ಲಿಷಿನ್ಯಾಗ ಅದ, ಕಚೇರಿ ಕಾಗದ ಮರಾಠಿಯಾಗ ಅದ, ನಮ್ಮ ಪದ ಕನ್ನಡದಾಗ ಅದ. ಈ ಮೂರರ ನಡುವ ದಾಟಾಕ ನೀವ ಸೇತುವಿ. ತಿಂಗಳಿಗೆ ಒಂದು ಶನಿವಾರ ಸಾಲಿ ಬಿಟ್ಟ ಮ್ಯಾಲೆ ಎರಡು ತಾಸು ಕೊಡ್ರಿ. ಹುಡುಗರ ಕೈಯಿಂದ ಹಳೇ ವಹಿ ನಕಲು ಮಾಡಸ್ರಿ. ಯಾರ ಬಾಯಿಂದ ಬಂತು, ಯಾವ ಊರು, ಯಾವ ತಾರೀಖಿಗೆ ಬರಕೊಂಡದ್ದು, ಮ್ಯಾಲೆ ಬರಸ್ರಿ. ಕನ್ನಡ ಸಾಲಿಯಾಗ ಹುಡುಗರು ಕಡಿಮಿ ಆಗಲಿಕತ್ತಾರ ಅಂತ ಎಲ್ಲಾರೂ ಅಳತೀವಿ. ಕನ್ನಡ ಓದಿದ್ರ ಹೊಟ್ಟಿ ತುಂಬತದೇನು ಅಂತ ಕೇಳವರಿಗೆ ಇದೂ ಒಂದು ಜವಾಬು.

ನಾಕು, ಮೇಳದ ಚಾನೆಲ್ ಮೇಳದ ಕೈಯಾಗ ಇರಲಿ. ಇದು ಬರೇ ಮಾತಲ್ಲ, ಮಾಡಿ ನೋಡೇವಿ. ವಾಚನಾಲಯದ ಹುಡುಗರು ಚಾನೆಲ್ ತಗದ್ರು. ಹಗೂರ ಕೆಲಸ ಅಂತ ತಿಳೀಬ್ಯಾಡ್ರಿ. 1,000 ಮಂದಿ, 4,000 ತಾಸು ತುಂಬಾಕ ಹನ್ನೊಂದು ತಿಂಗಳು ಹಿಡೀತು. ಆಮ್ಯಾಲೆ ಲೆಕ್ಕದಾಗ 100 ಡಾಲರ್ ಕೂಡೂ ತನಕ ಬ್ಯಾಂಕಿಗೆ ರೊಕ್ಕ ಬಿಡೂದಿಲ್ಲ. ಅದಕ್ಕ ಮತ್ತ ಐದು ತಿಂಗಳು. ಮೊದಲನೇ ಸಲ ಬಂದದ್ದು 8,470 ರೂಪಾಯಿ. ಹತ್ತು ಪಾಲು ಮಾಡಿದೆವು: ಮೇಳದ ಎಂಟು, ವಾಚನಾಲಯದ್ದು ಒಂದು, ತೀರಿಕೊಂಡ ಡೊಳ್ಳಿನವನ ಮನಿಗೆ ಒಂದು. ಯಾಕಂದ್ರ ಅವ ಬಾರಿಸಿದ ಹಳೇ ಜಾತ್ರಿಯ ವಿಡಿಯೊ ಒಂದು ನಮ್ಮ ಚಾನೆಲ್ಲಿನ್ಯಾಗ ಅದ, ಎಲ್ಲಕ್ಕಿಂತ ಹೆಚ್ಚು ಮಂದಿ ಅದನ್ನ ನೋಡ್ಯಾರ. ಯಂತ್ರ ಕೊಟ್ಟ ಲೆಕ್ಕ ಕನ್ನಡದಾಗ ಬರದು ವಾಚನಾಲಯದ ಫಳಿ ಮ್ಯಾಲೆ ಅಂಟಿಸಿದೆವು. ಬೇಕಾದವರು ಬಂದು ಓದಬಹುದು.

847 ರೂಪಾಯಿ ದೊಡ್ಡ ರೊಕ್ಕ ಅಲ್ಲ. ಎರಡು ದಿನದ ದ್ರಾಕ್ಷಿ ಪಗಾರ. ಇದರ ಮ್ಯಾಲೆ ಯಾರೂ ಮಾಡಿ ಕಟ್ಟಸೂದಿಲ್ಲ, ಹುಡುಗರು ಒಕ್ಕಲುತನ ಬಿಟ್ಟು ಚಾನೆಲ್ ಹಿಂದ ಬೀಳಬ್ಯಾಡ್ರಿ. ನಾನು ರೊಕ್ಕ ಕೈಯಾಗ ಕೊಟ್ಟಾಗ ಗೆಣೆಯನ ಹೆಣತಿ, "ಅಣ್ಣಾ, ಇದು ಯಾವ ಕೂಲಿದು?" ಅಂದ್ಲು. "ನಿನ್ನ ಗಂಡನ ಡೊಳ್ಳಿಂದು" ಅಂದೆ. ಆಕಿ ರೊಕ್ಕ ಎಣಸಲಿಲ್ಲ. "ಪಟ್ಟಿ ಕೊಟ್ಟಾರೇನು?" ಅಂತ ಕೇಳಿದ್ಲು. ಅಡತಿ ಅಂಗಡಿ ಕಂಡ ಒಕ್ಕಲಗಿತ್ತಿ ಆಕಿ. ಫಳಿ ಮ್ಯಾಲೆ ಅಂಟಿಸಿದ್ದರ ಒಂದು ನಕಲು ಕಿಸೆದಾಗ ಇತ್ತು, ಕೊಟ್ಟೆ. ಮಗಳ ಕಡೆ ಓದಿಸಿಕೊಂಡ್ಲು.

ಮೇಳದವರು, ಚಾನೆಲ್ಲಿನವರು, ಕಮೀಟಿಯವರು, ಯಾರ ಕಡೆ ನನ್ನ ಮಾತಿಗೆ ಜವಾಬು ಅದನೋ ಅವರು ಮುಂದಿನ ವರ್ಷದ ಪುಸ್ತಕದಾಗ ಬರೀರಿ. ಬರಿಯೂಕಿಂತ ಮೊದಲು ನಿಮ್ಮ ಪಟ್ಟಿ ಫಳಿ ಮ್ಯಾಲೆ ಹಚ್ಚಿ ಬರೀರಿ. ತಪ್ಪು ಬರದಿದ್ರ ಏಳನೇತ್ತದಾಂವ ಅಂತ ತಿದ್ದಿ ಓದ್ರಿ. ದೈವಕ್ಕ ಶರಣು.